ಪ್ರಶ್ನೋತ್ತರ: ಅಪ್ಪನ ಪ್ರೆಸ್ ಮುಚ್ಚಲು ಮನಸ್ಸು ಬರುತ್ತಿಲ್ಲ

ಈ ಸಲ ಬಂದ ಪತ್ರಗಳೆಲ್ಲ ಮೇಲ್ನೋಟಕ್ಕೆ ದುಡ್ಡಿನ ಪ್ರಶ್ನೆಗಳೇ. ಆದರೆ ಓದುತ್ತಾ ಹೋದರೆ ದುಡ್ಡಿನ ಮಾತು ಕೊನೆಯ ನಾಲ್ಕು ಸಾಲಿನಲ್ಲಿ ಬರುತ್ತದೆ. ಅದಕ್ಕೂ ಮುಂಚೆ ಪೂರ್ತಿ ಅಪ್ಪ, ಮೈದುನ, ಹಳೇ ಸ್ನೇಹಿತ, ಎದುರಂಗಡಿಯವನು. ಆರು ಪತ್ರ ಆರಿಸಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಊರು ಮಾತ್ರ ಇದೆ.

ಪ್ರಶ್ನೆ: ನಮ್ಮದು ಅಪ್ಪ ಶುರು ಮಾಡಿದ ಆಫ್‌ಸೆಟ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಎಲೆಕ್ಷನ್ ಬಂದರೆ ಕರಪತ್ರ, ಒಂದು ಕಾಲಕ್ಕೆ ಪುರುಸೊತ್ತೇ ಇರುತ್ತಿರಲಿಲ್ಲ. ಈಗ ಲಗ್ನಪತ್ರಿಕೆ ವಾಟ್ಸಾಪ್‌ನಲ್ಲಿ ಹೋಗುತ್ತದೆ, ಬಿಲ್ ಕಂಪ್ಯೂಟರ್‌ನಿಂದ ಬರುತ್ತದೆ. ಮೂರು ವರ್ಷದಿಂದ ನನ್ನ ಸ್ಟೇಷನರಿ ಅಂಗಡಿಯ ಲಾಭ ತೆಗೆದು ಪ್ರೆಸ್‌ಗೆ ಹಾಕುತ್ತಿದ್ದೇನೆ. ಕಟ್ಟಡ ಸ್ವಂತದ್ದು, ಬಾಡಿಗೆ ಇಲ್ಲ, ಹಾಗಾಗಿ ತಿಂಗಳಿಗೆ ಹದಿನೈದು ಸಾವಿರ ನಷ್ಟ ಇರಬಹುದು ಅಷ್ಟೇ. ಮುಚ್ಚೋಣ ಅಂದರೆ ಅಮ್ಮ ಅಳುತ್ತಾರೆ. ಇಬ್ಬರು ಹಳೇ ಕೆಲಸಗಾರರೂ ಇದ್ದಾರೆ. ಇಷ್ಟು ಹಾಕಿದ ಮೇಲೆ ಬಿಡೋದು ಹೇಗೆ?
(ಗದಗ)

ಉತ್ತರ: ಹದಿನೈದು ಸಾವಿರ ಅಲ್ಲ. ನಿಮ್ಮ ಪತ್ರದಲ್ಲೇ ಅದು ಗೊತ್ತಾಗುತ್ತದೆ. ಕಟ್ಟಡ ಸ್ವಂತದ್ದು ಅಂದಿರಿ. ಆ ಜಾಗವನ್ನು ಬೇರೆಯವರಿಗೆ ಕೊಟ್ಟರೆ ತಿಂಗಳಿಗೆ ಎಷ್ಟು ಬಾಡಿಗೆ ಬರುತ್ತದೆ? ಅದು ನಷ್ಟದ ಲೆಕ್ಕಕ್ಕೆ ಸೇರಬೇಕು. ದಿನಕ್ಕೆ ಮೂರ್ನಾಲ್ಕು ಗಂಟೆ ನೀವು ಅಲ್ಲಿ ಕೂರುತ್ತೀರಲ್ಲ, ಆ ಹೊತ್ತಿಗೊಂದು ಸಂಬಳ ಹಾಕಿ. ಸ್ಟೇಷನರಿ ಅಂಗಡಿಯಿಂದ ತೆಗೆದ ಹಣಕ್ಕೆ ಬಡ್ಡಿ ಹಾಕಿ. ಬಾಡಿಗೆ ಹನ್ನೆರಡು ಸಾವಿರ, ನಿಮ್ಮ ಸಮಯಕ್ಕೆ ಹತ್ತು ಸಾವಿರ, ಬಡ್ಡಿ ಮೂರು ಸಾವಿರ ಅಂತ ಹಿಡಿದರೂ ನಷ್ಟ 40 ಸಾವಿರಕ್ಕೆ ಹೋಗಿ ನಿಲ್ಲುತ್ತದೆ. ಈ ಅಂಕಿ ನನ್ನ ಅಂದಾಜು, ನಿಮ್ಮದನ್ನು ನೀವೇ ಬರೆಯಿರಿ. ಆದರೆ ಬರೆಯಿರಿ. ತಲೆಯಲ್ಲೇ ಇಟ್ಟುಕೊಂಡ ಲೆಕ್ಕ ಯಾವಾಗಲೂ ನಮಗೆ ಬೇಕಾದ ಕಡೆಗೇ ವಾಲುತ್ತದೆ.

ಈಗ ಆ 40 ಸಾವಿರ ಯಾವುದಕ್ಕೆ ಹೋಗುತ್ತಿದೆ ನೋಡಿ. ಅಪ್ಪನ ನೆನಪಿಗೆ. ಇದನ್ನು ನಾನು ತಪ್ಪು ಅಂತ ಹೇಳುವುದಿಲ್ಲ. ಜನ ಅಪ್ಪನ ಹೆಸರಲ್ಲಿ ದೇವಸ್ಥಾನಕ್ಕೆ ಮಂಟಪ ಕಟ್ಟಿಸುತ್ತಾರೆ, ಶಾಲೆಗೆ ಬೆಂಚು ಕೊಡುತ್ತಾರೆ, ನೀವು ಪ್ರೆಸ್ ನಡೆಸುತ್ತಿದ್ದೀರಿ. ಶಕ್ತಿ ಇದ್ದರೆ ನಡೆಸಿ. ಆದರೆ ಆ ಖರ್ಚನ್ನು ಪ್ರೆಸ್‌ನ ಲೆಕ್ಕದೊಳಗೆ ಬಚ್ಚಿಡಬೇಡಿ. ಮನೆ ಖರ್ಚಿನ ಪುಸ್ತಕದಲ್ಲಿ ಮಕ್ಕಳ ಫೀಸು, ಅಮ್ಮನ ಔಷಧಿ ಬರೆಯುವ ಪುಟದಲ್ಲೇ 'ಅಪ್ಪನ ಪ್ರೆಸ್: 40,000' ಅಂತ ಒಂದು ಸಾಲು ಬರಲಿ. ಮೂರು ತಿಂಗಳು ಹೀಗೆ ಬರೆದ ಮೇಲೂ ಮನೆಯವರೆಲ್ಲ ನೋಡಿ 'ಇರಲಿ' ಅಂದರೆ ಆಗ ಅದು ನಿಮ್ಮ ಆಯ್ಕೆ. ಇವತ್ತಿನವರೆಗೆ ಅದು ಆಯ್ಕೆಯೇ ಆಗಿಲ್ಲ, ಸುಮ್ನೆ ನಡೆದುಕೊಂಡು ಬಂದಿದೆ.

'ಇಷ್ಟು ಹಾಕಿದ ಮೇಲೆ' ಅಂದಿದ್ದೀರಲ್ಲ, ಆ ಮಾತು ನಿಮ್ಮೊಬ್ಬರದ್ದಲ್ಲ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವೆರ್‌ಸ್ಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1979ರಲ್ಲೇ ಇದನ್ನು ವಿವರಿಸಿದ್ದಾರೆ. ನೂರು ರೂಪಾಯಿ ಸಿಕ್ಕ ಖುಷಿಗಿಂತ ನೂರು ರೂಪಾಯಿ ಕಳೆದುಕೊಂಡ ನೋವು ಜಾಸ್ತಿ. ಹಾಗಾಗಿ ನಷ್ಟವನ್ನು ಒಪ್ಪಿಕೊಂಡು ಏಳುವುದಕ್ಕಿಂತ ಇನ್ನೊಂದು ಆಟ ಆಡಿ ನೋಡೋಣ ಅಂತಲೇ ಮನಸ್ಸು ಎಳೆಯುತ್ತದೆ. ಕಾನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಮೂರು ವರ್ಷ ಹಾಕಿದ ಹಣ ನೀವು ಮುಚ್ಚಿದರೂ ವಾಪಸ್ ಬರುವುದಿಲ್ಲ, ನಡೆಸಿದರೂ ಬರುವುದಿಲ್ಲ. ಕೇಳಬೇಕಾದ್ದು ಮುಂದಿನ ತಿಂಗಳ ಹಣದ ಬಗ್ಗೆ ಮಾತ್ರ.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಟಾಟಾ ನ್ಯಾನೋ ನೆನಪಿದೆಯಲ್ಲ? ಸ್ಕೂಟರ್ ಮೇಲೆ ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಕೂತು ಹೋಗುವುದನ್ನು ನೋಡಿ ರತನ್ ಟಾಟಾ ಅವರಿಗೆ ಹೊಳೆದ ಕಾರು. 2008ರ ಜನವರಿಯಲ್ಲಿ ದೆಹಲಿಯಲ್ಲಿ ತೋರಿಸಿದಾಗ ಇಡೀ ದೇಶ ಒಂದು ಲಕ್ಷದ ಕಾರು ಅಂತ ಕುಣಿಯಿತು. 2016ರ ಅಕ್ಟೋಬರ್‌ನಲ್ಲಿ ಟಾಟಾ ಸನ್ಸ್ ಅಧ್ಯಕ್ಷ ಸ್ಥಾನದಿಂದ ಇಳಿಸಲ್ಪಟ್ಟ ಸೈರಸ್ ಮಿಸ್ತ್ರಿ ನಿರ್ದೇಶಕರಿಗೆ ಬರೆದ ಪತ್ರದಲ್ಲಿ, ನ್ಯಾನೋ ನಷ್ಟ ಮಾಡುತ್ತಲೇ ಬಂದಿದೆ, ಬರೀ ಭಾವನಾತ್ಮಕ ಕಾರಣಕ್ಕೆ ಅದನ್ನು ನಿಲ್ಲಿಸುವ ತೀರ್ಮಾನ ಆಗಿಲ್ಲ ಎಂಬ ಅರ್ಥದ ಮಾತು ಬರೆದರು. ಆ ಜಗಳದಲ್ಲಿ ಯಾರು ಸರಿ ಅನ್ನೋದು ಬೇರೆ ಮಾತು, ಎರಡೂ ಕಡೆ ವಾದ ಇತ್ತು. ಆದರೆ 2018ರ ಹೊತ್ತಿಗೆ ನ್ಯಾನೋ ತಯಾರಿಕೆ ನಿಂತೇ ಹೋಯಿತು.

ಇನ್ನೊಂದು ಕಥೆ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. 1985ರಲ್ಲಿ ಇಂಟೆಲ್ ಕಂಪನಿ ಮೆಮೊರಿ ಚಿಪ್ ವ್ಯಾಪಾರದಲ್ಲಿ ಜಪಾನಿನವರ ಮುಂದೆ ಸೋಲುತ್ತಿತ್ತು. ಆ ಕಂಪನಿ 1968ರಲ್ಲಿ ಹುಟ್ಟಿದ್ದೇ ಮೆಮೊರಿ ಮಾಡಲು, ಅಂದರೆ ಅದು ಅವರ ಪಾಲಿಗೆ ನಿಮ್ಮ ಅಪ್ಪನ ಪ್ರೆಸ್ ಇದ್ದ ಹಾಗೆ. ಕಂಪನಿ ನಡೆಸುತ್ತಿದ್ದ ಆ್ಯಂಡಿ ಗ್ರೋವ್ ತಮ್ಮ ಜೊತೆಗಾರ ಗಾರ್ಡನ್ ಮೂರ್ ಅವರನ್ನು ಕೇಳಿದರಂತೆ: ನಮ್ಮಿಬ್ಬರನ್ನೂ ಹೊರಗೆ ಹಾಕಿ ಹೊಸಬರನ್ನು ತಂದು ಕೂರಿಸಿದರೆ ಅವರು ಏನು ಮಾಡುತ್ತಾರೆ? ಮೆಮೊರಿ ಬಿಟ್ಟುಬಿಡುತ್ತಾರೆ ಅಂದರು ಮೂರ್. ಹಾಗಾದರೆ ನಾವೇ ಎದ್ದು ಬಾಗಿಲಿಂದ ಹೊರಗೆ ಹೋಗಿ, ಮತ್ತೆ ಒಳಗೆ ಬಂದು ಅದನ್ನೇ ಮಾಡೋಣ ಅಂದರು ಗ್ರೋವ್. ಮೆಮೊರಿ ಬಿಟ್ಟು ಮೈಕ್ರೊಪ್ರೊಸೆಸರ್, ಅಂದರೆ ಕಂಪ್ಯೂಟರ್ ನಡೆಸುವ ಮುಖ್ಯ ಚಿಪ್, ಹಿಡಿದ ಮೇಲೆ ಇಂಟೆಲ್ ಏನಾಯಿತು ಅನ್ನೋದು ನಿಮ್ಮ ಅಂಗಡಿಯ ಕಂಪ್ಯೂಟರ್ ಮೇಲೆ ಅಂಟಿಸಿರುವ ಚೀಟಿಯಲ್ಲೇ ಇರಬಹುದು.

ನೀವೂ ಇದನ್ನೇ ಕೇಳಿಕೊಳ್ಳಿ. ನಿಮ್ಮ ಅಪ್ಪನನ್ನು ನೋಡೇ ಇಲ್ಲದ ಒಬ್ಬ ವ್ಯಾಪಾರಿ ನಾಳೆ ಆ ಪ್ರೆಸ್ ಕೊಂಡರೆ ಏನು ಮಾಡುತ್ತಾನೆ? ನನಗನಿಸುವುದು, ಯಂತ್ರ ಮಾರುತ್ತಾನೆ, ಕೌಂಟರ್ ಮುಚ್ಚುವುದಿಲ್ಲ. ಆರ್ಡರ್ ತೆಗೆದುಕೊಳ್ಳುತ್ತಾನೆ, ಡಿಸೈನ್ ಇಲ್ಲೇ ಮಾಡಿಸುತ್ತಾನೆ, ಕ್ಯಾಲೆಂಡರ್‌ನಂಥ ದೊಡ್ಡ ಕೆಲಸವನ್ನು ಶಿವಕಾಶಿಗೆ, ಐವತ್ತು ನೂರು ಕಾಪಿಯ ಕೆಲಸವನ್ನು ಡಿಜಿಟಲ್ ಪ್ರೆಸ್‌ಗೆ ಕೊಟ್ಟು ನಡುವೆ ಮಾರ್ಜಿನ್ ಇಟ್ಟುಕೊಳ್ಳುತ್ತಾನೆ. ಅಪ್ಪ ಬಿಟ್ಟು ಹೋದದ್ದರಲ್ಲಿ ಬೆಲೆ ಬಾಳುವುದು ಗಿರಾಕಿಗಳು ಮತ್ತು ಆ ಹೆಸರು. ಯಂತ್ರ ನಡೆಯುವ ಸ್ಥಿತಿಯಲ್ಲಿ ಇರುವಾಗಲೇ ಮಾರಿ, ನಿಂತ ಮೇಲೆ ಗುಜರಿ ರೇಟು ಸಿಗುತ್ತದೆ.

ಕೆಲಸಗಾರರ ವಿಷಯದಲ್ಲಿ ಮಾತ್ರ ಭಾವನೆ ಬದಿಗಿಡಿ ಅಂತ ಹೇಳಲಾರೆ. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು) ಕಾನೂನು ಸಾಮಾನ್ಯವಾಗಿ ಬರುವುದಿಲ್ಲ, ಆದರೂ ಅದೇ ಲೆಕ್ಕ ಹಿಡಿಯಿರಿ: ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ. ಯಂತ್ರ ಮಾರಿದ ಹಣದಲ್ಲಿ ಮೊದಲು ಅದನ್ನು ತೆಗೆದಿಡಿ. ಒಬ್ಬರನ್ನು ಕೌಂಟರ್‌ನಲ್ಲಿ ಉಳಿಸಿಕೊಳ್ಳಬಹುದೇನೋ ನೋಡಿ. ಅಮ್ಮನ ಹತ್ತಿರ 'ಮುಚ್ಚಲಾ?' ಅಂತ ಕೇಳಬೇಡಿ, ಆ ಪ್ರಶ್ನೆಗೆ ಯಾವ ತಾಯಿಯೂ ಹೂಂ ಅನ್ನುವುದಿಲ್ಲ. ಲೆಕ್ಕದ ಪುಸ್ತಕ ತೆಗೆದುಕೊಂಡು ಪಕ್ಕದಲ್ಲಿ ಕೂತು ತೋರಿಸಿ. ಬೋರ್ಡ್ ಇಳಿಸುವುದಿಲ್ಲ ಅಂತಲೂ ಹೇಳಿ, ಇಳಿಸಬೇಕಾಗಿಯೂ ಇಲ್ಲ.

ಪ್ರಶ್ನೆ: ಹನ್ನೊಂದು ವರ್ಷ ನನ್ನ ಬೇಕರಿಯಲ್ಲಿದ್ದ ಮಾಸ್ಟರ್ ಈಗ ನನ್ನ ಎದುರಿಗೇ ಬೇಕರಿ ಹಾಕಿದ್ದಾನೆ. ಅವನ ಮದುವೆಗೆ ದುಡ್ಡು ಕೊಟ್ಟವನು ನಾನು. ಎಗ್ ಪಫ್ಸ್ 20 ರೂಪಾಯಿ ಇದ್ದದ್ದನ್ನು 12ಕ್ಕೆ ಇಳಿಸಿದ್ದೇನೆ, ಅವನು ಬಾಗಿಲು ಹಾಕುವವರೆಗೂ ಬಿಡಲ್ಲ. ಕೆಲಸ ಬಿಟ್ಟ ಮೇಲೆ ಈ ಊರಲ್ಲಿ ಬೇಕರಿ ಹಾಕಲ್ಲ ಅಂತ ಅವನು ಬಾಂಡ್ ಪೇಪರ್ ಮೇಲೆ ಸಹಿ ಮಾಡಿದ್ದಾನೆ. ಕೇಸ್ ಹಾಕಬಹುದಾ?
(ಶಿವಮೊಗ್ಗ)

ಉತ್ತರ: ಮೊದಲು ಕೇಸಿನ ಮಾತು ಮುಗಿಸೋಣ. ಭಾರತೀಯ ಕರಾರು ಕಾಯ್ದೆ 1872ರ 27ನೇ ಸೆಕ್ಷನ್ ಪ್ರಕಾರ ಒಬ್ಬ ಮನುಷ್ಯ ನ್ಯಾಯವಾಗಿ ವ್ಯಾಪಾರ ಮಾಡದಂತೆ ತಡೆಯುವ ಕರಾರು ನಿಲ್ಲುವುದಿಲ್ಲ. ಕೆಲಸ ಬಿಟ್ಟ ಮೇಲೆ ಬೇಕರಿ ಹಾಕಬಾರದು ಅಂತ ಬರೆಸಿಕೊಂಡ ಪೇಪರ್‌ಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಅವನು ನಿಮ್ಮ ಬೇಕರಿಯ ಹೆಸರನ್ನೇ ಬೋರ್ಡಿಗೆ ಹಾಕಿಕೊಂಡಿದ್ದರೆ ಅದು ಬೇರೆ ವಿಷಯ, ವಕೀಲರನ್ನು ಕೇಳಿ. ಇಲ್ಲದಿದ್ದರೆ ಆ ಬಾಂಡ್ ಪೇಪರ್ ಹರಿದು ಹಾಕಿ, ವಕೀಲರ ಫೀಸಾದರೂ ಉಳಿಯುತ್ತದೆ.

ಈಗ ಪಫ್ಸ್. ಮೈದಾ, ಮೊಟ್ಟೆ, ಮಾರ್ಗರಿನ್, ಕರೆಂಟು, ಮಾಸ್ಟರ್ ಸಂಬಳ ಎಲ್ಲ ಸೇರಿ ಒಂದಕ್ಕೆ 14 ರೂಪಾಯಿ ಬೀಳುತ್ತದೆ ಅಂತ ಇಟ್ಟುಕೊಳ್ಳಿ. 12ಕ್ಕೆ ಮಾರಿದರೆ ಒಂದೊಂದಕ್ಕೆ ಎರಡು ರೂಪಾಯಿ ಕೈಯಿಂದ. ದಿನಕ್ಕೆ 300 ಹೋದರೆ 600 ರೂಪಾಯಿ, ತಿಂಗಳಿಗೆ 18 ಸಾವಿರ. ಅದು ಬರೀ ಪಫ್ಸ್, ಮೊದಲು ಬರುತ್ತಿದ್ದ ಆರು ರೂಪಾಯಿ ಲಾಭ ಹೋದದ್ದನ್ನು ನಾನು ಸೇರಿಸಿಯೇ ಇಲ್ಲ. ಸಿಟ್ಟಿಗೆ ತಿಂಗಳಿಗೆ 18 ಸಾವಿರ ಕೊಡಲು ನಿಮಗೆ ಇಷ್ಟ ಇದೆಯಾ? ಇದ್ದರೆ ಎಷ್ಟು ತಿಂಗಳು?

ಅದಕ್ಕಿಂತ ದೊಡ್ಡ ತೊಂದರೆ ಒಂದಿದೆ, ಸಿಟ್ಟಿನಲ್ಲಿ ನೀವು ಅದನ್ನು ನೋಡಿದಂತಿಲ್ಲ. ಅವನ ಅಂಗಡಿಯಲ್ಲಿ ಮಾಸ್ಟರ್ ಅವನೇ. ಬೆಳಗಿನ ಜಾವ ಎದ್ದು ಓವನ್ ಮುಂದೆ ನಿಲ್ಲುವವನೂ ಅವನೇ. ನೀವು ಸಂಬಳ ಕೊಟ್ಟು ಮಾಡಿಸಬೇಕು, ಅವನು ಕೈಯಾರೆ ಮಾಡುತ್ತಾನೆ. ರೇಟು ಇಳಿಸುವ ಆಟದಲ್ಲಿ ನಿಮಗಿಂತ ಜಾಸ್ತಿ ದಿನ ತಡೆಯುವವನು ಅವನು, ನೀವಲ್ಲ. ಈ ಜಗಳ ಗಿರಾಕಿಗೆ ಕಾಣುವುದೂ ಇಲ್ಲ, ಅವರಿಗೆ ಕಾಣುವುದು ಅಗ್ಗದ ಪಫ್ಸ್. ನಾಳೆ ಮತ್ತೆ 20 ಅಂದರೆ ಮುಖ ಸಿಂಡರಿಸುತ್ತಾರೆ.

ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಡಾಸ್ಲರ್ ಅಂತ ಅಣ್ಣ ತಮ್ಮ ಒಟ್ಟಿಗೆ ಶೂ ಮಾಡುತ್ತಿದ್ದರು. 1948ರಲ್ಲಿ ಜಗಳವಾಡಿ ಬೇರೆಯಾದರು. ಅಣ್ಣನದು ಪೂಮಾ, ತಮ್ಮನದು ಅಡಿಡಾಸ್. ಊರೇ ಎರಡಾಯಿತು, ಸತ್ತ ಮೇಲೂ ಒಂದೇ ಸ್ಮಶಾನದ ಎರಡು ತುದಿಯಲ್ಲಿ ಹೂಳಿದರು. ಇಬ್ಬರೂ ಗೆದ್ದರಲ್ಲ ಅಂತ ನೀವು ಹೇಳಬಹುದು. ಹೌದು, ಶೂ ಚೆನ್ನಾಗಿ ಮಾಡಿ ಗೆದ್ದರು. ಆದರೆ ಒಬ್ಬರನ್ನೊಬ್ಬರು ನೋಡುತ್ತಾ ಕೂತ ಆ ಎರಡೂ ಕಂಪನಿಗಳನ್ನು ಅಮೆರಿಕದ ನೈಕಿ ದಾಟಿಕೊಂಡು ಹೋಯಿತು.

ಬೇಜಾರು ಆಗುವುದು ಸಹಜ, ಹನ್ನೊಂದು ವರ್ಷ ಜೊತೆಗಿದ್ದವನು. ಮದುವೆಗೆ ಕೊಟ್ಟ ಹಣ ಸಾಲವಾದರೆ ವಾಪಸ್ ಕೇಳಿ, ಉಡುಗೊರೆಯಾದರೆ ಅದು ಅಲ್ಲಿಗೇ ಮುಗಿಯಿತು, ಅದರ ಬಡ್ಡಿಯನ್ನು ಪಫ್ಸ್ ಮೇಲೆ ವಸೂಲಿ ಮಾಡಲು ಆಗುವುದಿಲ್ಲ. ರೇಟು ಈ ವಾರವೇ 18ಕ್ಕೆ ತನ್ನಿ. ಒಳ್ಳೆಯ ಮಾಸ್ಟರ್ ಹುಡುಕಿ. ಬರ್ತ್‌ಡೇ ಕೇಕ್, ಆಫೀಸಿನ ಸಂಜೆ ತಿಂಡಿ, ಕಾರ್ಯಕ್ರಮಗಳ ಆರ್ಡರ್, ಇವೆಲ್ಲ ಹಳೇ ಹೆಸರು ಮತ್ತು ನಾಲ್ಕು ಜನ ಕೆಲಸದವರು ಇರುವ ಅಂಗಡಿಗೆ ಸಿಗುವ ಕೆಲಸ. ಒಬ್ಬನೇ ನಿಂತು ಮಾಡುವವನಿಗೆ ಅದು ಕಷ್ಟ.

ಪ್ರಶ್ನೆ: ರಾಹುಕಾಲ ನೋಡದೆ ನಾನು ಯಾವ ಪೇಪರ್‌ಗೂ ಸಹಿ ಹಾಕಲ್ಲ. ಮಗ ನಗುತ್ತಾನೆ, ವ್ಯಾಪಾರದಲ್ಲಿ ಇಂಥದ್ದೆಲ್ಲ ಇರಬಾರದು ಅಂತಾನೆ. ನೀವೇನಂತೀರಿ?
(ಹಾಸನ)

ಉತ್ತರ: ರಾಹುಕಾಲ ಸುಮಾರು ಒಂದೂವರೆ ಗಂಟೆ. ಒಂದೂವರೆ ಗಂಟೆ ತಡವಾಗಿ ಸಹಿ ಹಾಕಿದ್ದರಿಂದ ಮುಳುಗಿದ ವ್ಯಾಪಾರ ನಾನಂತೂ ನೋಡಿಲ್ಲ, ಆ ಹೊತ್ತಿನಲ್ಲಿ ಪೇಪರ್ ಇನ್ನೊಂದು ಸಲ ಓದಿದರೆ ಲಾಭವೇ. ಒಂದು ಕೆಲಸ ಮಾಡಿ. ಮಗನಿಗೆ ಸಪ್ಲೈಯರ್ ಮೇಲೆ ಸಿಟ್ಟು ಬಂದು ವಾಟ್ಸಾಪ್‌ನಲ್ಲಿ ಉದ್ದ ಮೆಸೇಜ್ ಟೈಪ್ ಮಾಡುತ್ತಾನಲ್ಲ, ಅದಕ್ಕೂ ರಾಹುಕಾಲ ಇದೆ ಅಂತ ಹೇಳಿ. ಒಂದೂವರೆ ಗಂಟೆ ಆದಮೇಲೆ ಕಳಿಸಲಿ.

ಪ್ರಶ್ನೆ: ಹಾರ್ಡ್‌ವೇರ್ ಅಂಗಡಿ ಇದೆ. ಸ್ಕೂಲಿನಿಂದ ಜೊತೆಗಿರುವ ಸ್ನೇಹಿತ ಮನೆ ಕಟ್ಟುವಾಗ ಉದ್ರಿ ತೆಗೆದುಕೊಂಡ ಸಾಮಾನಿನ ಬಾಕಿ 1,80,000. ಎರಡೂವರೆ ವರ್ಷ ಆಯಿತು. ಗೃಹಪ್ರವೇಶಕ್ಕೆ ಹೋಗಿ ಊಟ ಮಾಡಿ ಬಂದೆ, ಕೇಳಲು ಬಾಯಿ ಬರಲಿಲ್ಲ. ಸ್ನೇಹ ಕೆಡಬಾರದು, ಹಣವೂ ಬೇಕು.
(ಕೋಲಾರ)

ಉತ್ತರ: ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅಂತ ನಮ್ಮ ಹಿರಿಯರು ಒರಟಾಗಿಯೇ ಹೇಳಿದ್ದಾರೆ. ನಿಮಗೆ ಆರು ತಿಂಗಳಿನ ಮೇಲೆ ಸಮಯ ಇಲ್ಲ. ಲಿಮಿಟೇಶನ್ ಕಾಯ್ದೆ ಪ್ರಕಾರ ಮಾರಿದ ಸಾಮಾನಿನ ಹಣಕ್ಕೆ ಕೇಸ್ ಹಾಕಲು 3 ವರ್ಷದ ಗಡುವು. ಇಂಥ ದಿನ ಕೊಡಬೇಕು ಅಂತ ಗೊತ್ತು ಮಾಡಿಲ್ಲದಿದ್ದರೆ ಸಾಮಾನು ಕೊಟ್ಟ ದಿನದಿಂದಲೇ ಅದು ಓಡುತ್ತದೆ, ಒಂದೊಂದು ಬಿಲ್ಲಿಗೂ ಬೇರೆ ಬೇರೆ. ಮೊದಲ ಬಿಲ್ಲು ಯಾವತ್ತಿನದ್ದು ಅಂತ ಇವತ್ತೇ ತೆಗೆದು ನೋಡಿ.

ಕೇಸ್ ಹಾಕಿ ಅಂತ ಹೇಳುತ್ತಿಲ್ಲ. ಗಡುವು ಮುಗಿಯುವ ಮೊದಲು 'ಇಷ್ಟು ಬಾಕಿ ಇದೆ' ಅಂತ ಸ್ನೇಹಿತರು ಬರೆದು ಸಹಿ ಹಾಕಿಕೊಟ್ಟರೆ ಆ ದಿನದಿಂದ ಹೊಸದಾಗಿ 3 ವರ್ಷ ಶುರುವಾಗುತ್ತದೆ. ಸಂಕೋಚ ಆಗುತ್ತದೆ ಅಂದರೆ ಆಡಿಟರ್ ಮೇಲೆ ಹಾಕಿ: 'ಆಡಿಟರ್ ಎಲ್ಲರ ಬಾಕಿಗೂ ಸಹಿ ಕೇಳ್ತಿದಾರೆ ಕಣೋ, ನಿಂದೂ ಒಂದು ಹಾಕಿಬಿಡು.' ನಮ್ಮಂಥ ಆಡಿಟರ್‌ಗಳು ಇರುವುದೇ ಇಂಥ ಕೆಟ್ಟ ಹೆಸರು ಹೊರಲು. ಸಹಿ ಆದಮೇಲೆ ಕಂತು ಮಾಡಿ, ತಿಂಗಳಿಗೆ ಹದಿನೈದು ಸಾವಿರದಂತೆ ಒಂದು ವರ್ಷ. ಚೆಕ್ ಕೊಟ್ಟರೆ ಇನ್ನೂ ಒಳ್ಳೆಯದು. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕಳಿಸಬೇಕು, ಅದು ಸಿಕ್ಕ ಮೇಲೆ ಹಣ ಕೊಡಲು ಅವರಿಗೆ 15 ದಿನ ಇರುತ್ತದೆ, ಆಮೇಲೆ ಒಂದು ತಿಂಗಳೊಳಗೆ ದೂರು. ಅಲ್ಲಿಯವರೆಗೆ ಹೋಗುವುದು ಬೇಡ, ಆದರೆ ತಾರೀಖುಗಳು ಗೊತ್ತಿರಲಿ.

ಇನ್ನೊಂದು ವಿಷಯ. ನೀವು ರೆಗ್ಯುಲರ್ ಜಿಎಸ್‌ಟಿಯಲ್ಲಿದ್ದು ಬಿಲ್ಲು ಹರಿದಿದ್ದರೆ, ಹಣ ಬಂದಿರಲಿ ಬಿಡಲಿ, ತೆರಿಗೆ ಆಗಲೇ ನಿಮ್ಮ ಲೆಕ್ಕದಿಂದ ಹೋಗಿದೆ. ಎಲ್ಲ 18 ಪರ್ಸೆಂಟ್ ಸಾಮಾನು ಅಂದುಕೊಂಡರೆ 1,80,000ದಲ್ಲಿ ಸುಮಾರು 27 ಸಾವಿರ ತೆರಿಗೆ. ಅಂದರೆ ಸ್ನೇಹಿತರ ಮನೆಗೆ ಸಾಮಾನೂ ನಿಮ್ಮದು, ತೆರಿಗೆಯೂ ನಿಮ್ಮದು. ಹಣ ಬೇಡ ಅನಿಸಿದರೆ ಪೂರ್ತಿ ಬಿಟ್ಟುಬಿಡಿ, ಅವರಿಗೂ ಹೇಳಿಬಿಡಿ. ಕೇಳದೆ, ಬಿಡದೆ ಒಳಗೊಳಗೇ ಕುದಿಯುತ್ತಾ ಇದ್ದರೆ ಮಾತ್ರ ಸ್ನೇಹ ಕೆಡುತ್ತದೆ.

ಪ್ರಶ್ನೆ: ದೀಪಾವಳಿಯಲ್ಲಿ ಸೀರೆ ಅಂಗಡಿಗೆ ಹಿಂದೆಂದೂ ಇಲ್ಲದ ವ್ಯಾಪಾರ ಆಯಿತು. ಅದೇ ಖುಷಿಯಲ್ಲಿ ಜಯನಗರದ ಕಡೆ ಎರಡನೇ ಅಂಗಡಿಗೆ ಅಡ್ವಾನ್ಸ್ ಕೊಡೋಣ ಅಂತಿದ್ದೇವೆ. ಕೋಪದಲ್ಲಿ ತೀರ್ಮಾನ ಬೇಡ ಅಂತೀರಿ, ಖುಷಿಯಲ್ಲಿ ಪರವಾಗಿಲ್ವಾ?
(ಬೆಂಗಳೂರು)

ಉತ್ತರ: ಖುಷಿ ಇನ್ನೂ ದುಬಾರಿ, ಯಾಕೆಂದರೆ ಖುಷಿಯಲ್ಲಿರುವವರನ್ನು ಯಾರೂ ತಡೆಯುವುದಿಲ್ಲ. ಆಷಾಢದ ಲೆಕ್ಕ ತೆಗೆಯಿರಿ. ಮದುವೆ ಇಲ್ಲದ ಆ ತಿಂಗಳಲ್ಲಿ ಈಗಿನ ಅಂಗಡಿ ಎಷ್ಟು ಮಾಡಿತ್ತು, ಅದರಲ್ಲಿ ಎರಡು ಅಂಗಡಿಯ ಬಾಡಿಗೆ, ಸಂಬಳ ಹೋಗುತ್ತದೆಯಾ ನೋಡಿ. ಹೋದರೆ ಅಡ್ವಾನ್ಸ್ ಕೊಡಿ. ಕರಾರಿನಲ್ಲಿ ಲಾಕ್-ಇನ್ (ಅಂಗಡಿ ಬಿಡುವಂತಿಲ್ಲದ ಅವಧಿ) ಎಷ್ಟು ತಿಂಗಳು, ಮಧ್ಯದಲ್ಲಿ ಬಿಟ್ಟರೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುತ್ತಾರೆ ಅನ್ನೋದನ್ನೂ ಓದಿ.

ಪ್ರಶ್ನೆ: ನಾನು ಮನೆಯಿಂದಲೇ ಕ್ಯಾಟರಿಂಗ್ ಮಾಡುತ್ತೇನೆ, ಈಗ ಚೆನ್ನಾಗಿ ನಡೆಯುತ್ತಿದೆ. ಮೈದುನ ಗೂಡ್ಸ್ ಗಾಡಿ ತೆಗೆದುಕೊಳ್ಳಲು 8 ಲಕ್ಷ ಸಾಲ ಮಾಡುತ್ತಿದ್ದಾನೆ, ನನ್ನನ್ನು ಜಾಮೀನು ಹಾಕಲು ಕೇಳುತ್ತಿದ್ದಾನೆ. ಅತ್ತೆ, ಯಜಮಾನರು ಇಬ್ಬರೂ 'ಸುಮ್ನೆ ಒಂದು ಸಹಿ ಅಷ್ಟೇ' ಅನ್ನುತ್ತಾರೆ. ಹಿಂದೆ ಒಂದು ಸಾಲ ಅವನು ಸರಿಯಾಗಿ ಕಟ್ಟಿಲ್ಲ. ಬೇಡ ಅಂದರೆ ಮನೆಯಲ್ಲಿ ಮಾತು ನಿಲ್ಲುತ್ತದೆ.
(ಮೈಸೂರು)

ಉತ್ತರ: ಅಮ್ಮಾ, ಅದು ಸುಮ್ನೆ ಒಂದು ಸಹಿ ಅಲ್ಲ. ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಬೇರೆ ಏನೂ ಹೇಳಿಲ್ಲದಿದ್ದರೆ ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ. ಮೈದುನ ಕಟ್ಟದಿದ್ದರೆ ಬ್ಯಾಂಕು ಮೊದಲು ಅವನ ಹಿಂದೆ ಓಡಾಡಿ ಆಮೇಲೆ ನಿಮ್ಮ ಹತ್ತಿರ ಬರಬೇಕು ಅಂತೇನೂ ಇಲ್ಲ, ನೇರವಾಗಿ ನಿಮ್ಮನ್ನೇ ಕೇಳಬಹುದು. ಆ ಸಾಲ ನಿಮ್ಮ ಸಿಬಿಲ್ ರಿಪೋರ್ಟಿನಲ್ಲೂ (ಬ್ಯಾಂಕಿನವರು ನೋಡುವ ನಿಮ್ಮ ಸಾಲದ ದಾಖಲೆ) ಕಾಣುತ್ತದೆ. ನಾಳೆ ನೀವು ದೊಡ್ಡ ಅಡುಗೆಮನೆ ಮಾಡಲು ಸಾಲ ಕೇಳಿದರೆ ಬ್ಯಾಂಕಿನವರು ಈ 8 ಲಕ್ಷವನ್ನೂ ನೋಡುತ್ತಾರೆ.

ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವ ಮಾತು ಪ್ರೀತಿ, ಮುನಿಸಿನದು. ಅದನ್ನು ರೂಪಾಯಿಗೆ ತಂದು ಮಾತಾಡಿ. 'ಅವನಿಗೆ ಸಹಾಯ ಮಾಡಲು ನನಗೂ ಇಷ್ಟ. 50 ಸಾವಿರ ಕೊಡುತ್ತೇನೆ, ಡೌನ್ ಪೇಮೆಂಟ್‌ಗೆ ಆಗಲಿ, ವಾಪಸ್ ಬೇಡ. ಸಹಿ ಮಾತ್ರ ಹಾಕುವುದಿಲ್ಲ.' 50 ಆಗಲಿ 20 ಆಗಲಿ, ಹೋದರೂ ನಿಮ್ಮ ನಿದ್ದೆ ಕೆಡದಷ್ಟು ಇರಲಿ, ಕ್ಯಾಟರಿಂಗ್ ಖಾತೆಯಿಂದಲ್ಲ, ಮನೆ ಖಾತೆಯಿಂದ ಹೋಗಲಿ. ಯಜಮಾನರಿಗೆ ಅಷ್ಟೊಂದು ಭರವಸೆ ಇದ್ದರೆ ಅವರ ಸಂಬಳದ ಮೇಲೆ ಅವರೇ ಜಾಮೀನು ಹಾಕಬಹುದಲ್ವಾ, ನಿಮ್ಮನ್ನೇ ಯಾಕೆ ಕೇಳುತ್ತಿದ್ದಾರೆ ಅಂತ ನನಗೂ ಕುತೂಹಲ. ಮಾತು ನಿಂತರೆ ಒಂದೆರಡು ಹಬ್ಬದ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ವಾಹನ ಸಾಲದ ಕಂತು ಐದು ವರ್ಷವೂ ಇರಬಹುದು.

ಇಂಥದ್ದೇ ಸಹಿ ಆಗಲೇ ಹಾಕಿರುವ ಓದುಗರೂ ಇರುತ್ತೀರಿ. ನೀವು ಹಾಕಿದ್ದು ಓವರ್‌ಡ್ರಾಫ್ಟ್ ತರಹ ಮುಂದುವರಿಯುವ ಸಾಲಕ್ಕಾದರೆ, ಇನ್ನು ಮುಂದಿನ ವ್ಯವಹಾರಕ್ಕೆ ಜಾಮೀನು ಇಲ್ಲ ಅಂತ ನೋಟಿಸ್ ಕೊಡಲು 130ನೇ ಸೆಕ್ಷನ್‌ನಲ್ಲಿ ಸಾಮಾನ್ಯವಾಗಿ ಅವಕಾಶ ಇದೆ. ಒಂದೇ ಸಲ ಕೊಟ್ಟ ಗಾಡಿ ಸಾಲ, ಮನೆ ಸಾಲದಂಥದ್ದಕ್ಕೆ ಅದು ಆಗುವುದಿಲ್ಲ, ಸಾಲ ತೀರುವವರೆಗೂ ನೀವು ಅದರಲ್ಲಿ ಇರುತ್ತೀರಿ. ಯಾವ ಪೇಪರ್ ಮೇಲೆ ಸಹಿ ಹಾಕಿದ್ದೀರಿ ಅಂತಲೇ ನೆನಪಿಲ್ಲದಿದ್ದರೆ ಈ ವಾರ ಬ್ಯಾಂಕಿನ ಶಾಖೆಗೆ ಹೋಗಿ ಅದರ ಒಂದು ಕಾಪಿ ಕೇಳಿ ತೆಗೆದುಕೊಳ್ಳಿ. ಸಾಲಗಾರ ಎಷ್ಟು ಕಂತು ಬಾಕಿ ಇಟ್ಟಿದ್ದಾನೆ ಅನ್ನೋದನ್ನೂ ಅಲ್ಲೇ ಕೇಳಿ, ಅವನನ್ನು ಕೇಳಬೇಡಿ.